ಎದ್ದ ಮೇಲಿನ ಮೊದಲ ಹತ್ತು ನಿಮಿಷ

ಮಧ್ಯಾಹ್ನ ಎರಡೂಕಾಲು. ಪರದೆ ಎಳೆದ ಕೋಣೆ, ಎಂಟು ತೊಟ್ಟಿಲು, ಬಾಗಿಲ ಪಕ್ಕ ಒಂದು ಮೋಟು ಸ್ಟೂಲು. ಆ ಸ್ಟೂಲು ನನ್ನದು. ಡೇಕೇರಿನ ನಿದ್ದೆ ಕೋಣೆ ನೋಡಿಕೊಳ್ಳಲು ಶುರು ಮಾಡಿ 11 ವರ್ಷವಾಯಿತು. ನಾಲ್ಕು ತಿಂಗಳ ಕೂಸಿನಿಂದ ಹಿಡಿದು ಎರಡೂವರೆ ವರ್ಷದ ಪೋರರವರೆಗೆ ಇಲ್ಲಿ ಮಲಗುತ್ತಾರೆ, ಏಳುತ್ತಾರೆ. ಮಗುವನ್ನು ಮಲಗಿಸುವುದು ಹೇಗೆ ಅಂತ ನನ್ನನ್ನು ಕೇಳದವರಿಲ್ಲ. ಎದ್ದ ಮಗುವಿನ ಜೊತೆ ಹೇಗಿರಬೇಕು ಅಂತ ಕೇಳಿದವರು ಕಡಿಮೆ. ಸಂಜೆ ಕರೆದುಕೊಂಡು ಹೋಗಲು ಬಂದಾಗ ಮಾತ್ರ ಯಾರಾದರೊಬ್ಬ ಅಮ್ಮ ಸೋತ ದನಿಯಲ್ಲಿ ಹೇಳುತ್ತಾರೆ: "ಅಕ್ಕಾ, ಮನೇಲಿ ಎದ್ದ ತಕ್ಷಣ ರಚ್ಚೆ ಹಿಡೀತಾನೆ. ಇಲ್ಲಿ ಹೇಗೆ ಸುಮ್ನೆ ಇರ್ತಾನೆ?"

ಇಲ್ಲೂ ಅವನು ಸುಮ್ನೆ ಇರುವುದಿಲ್ಲ. ಮುಖ ಊದಿಸಿಕೊಂಡೇ ಏಳುತ್ತಾನೆ. ವ್ಯತ್ಯಾಸ ಇಷ್ಟೇ: ಇಲ್ಲಿ ಎದ್ದ ಮೇಲೆ ಹತ್ತು ನಿಮಿಷ ಅವನನ್ನು ಯಾರೂ ಏನೂ ಕೇಳುವುದಿಲ್ಲ. ನಗು ಅನ್ನುವುದಿಲ್ಲ, ಆಟಿಕೆ ಹಿಡಿಸುವುದಿಲ್ಲ, ಫೋನ್ ಎದುರಿಗೆ ಹಿಡಿದು "ಹಾಯ್ ಹೇಳು" ಅನ್ನುವುದಿಲ್ಲ.

ಕಿಟಕಿ ಪಕ್ಕದ ತೊಟ್ಟಿಲಲ್ಲಿ ಒಂದು ವರ್ಷದ ಹುಡುಗಿ ಮಲಗುತ್ತಾಳೆ. ನಾನವಳನ್ನು ಕಿಟಕಿ ಪಾಪು ಅನ್ನುತ್ತೇನೆ. ಅವಳು ಎದ್ದದ್ದೇ ಗೊತ್ತಾಗುವುದಿಲ್ಲ. ತಿರುಗಿ ನೋಡಿದರೆ ತನ್ನ ಕಾಲ್ಬೆರಳು ಹಿಡಿದುಕೊಂಡು ಅದರ ಜೊತೆ ಮಾತಾಡುತ್ತಿರುತ್ತಾಳೆ. ಮೂಲೆಯ ತೊಟ್ಟಿಲಿನವನು ಅವಳಿಗಿಂತ ಎರಡು ತಿಂಗಳು ದೊಡ್ಡವನು. ಅವನು ಏಳುವುದೆಂದರೆ ಯಾರೋ ಆಸ್ತಿ ಕಸಿದುಕೊಂಡ ಹಾಗೆ. ಇಬ್ಬರೂ ಒಂದೇ ಹೊತ್ತಿಗೆ ಮಲಗುತ್ತಾರೆ, ಹೆಚ್ಚುಕಡಿಮೆ ಅಷ್ಟೇ ಹೊತ್ತು ಮಲಗುತ್ತಾರೆ. ಅವಳು ಸಾಧು, ಇವನು ಹಟಮಾರಿ ಅಂತ ಷರಾ ಬರೆದುಬಿಡುವುದು ಸುಲಭ. ಮೊದಮೊದಲು ನಾನೂ ಬರೆದಿದ್ದೆ.

ಕೊಡ ಎಷ್ಟು ಆಳದಲ್ಲಿತ್ತು?

ನಿದ್ದೆಯನ್ನು ಒಂದು ಬಾವಿ ಅಂದುಕೊಳ್ಳಿ. ಮಗು ಕೊಡದ ಹಾಗೆ ಕೆಳಗಿಳಿಯುತ್ತದೆ, ಮೇಲೆ ಬರುತ್ತದೆ, ಮತ್ತೆ ಇಳಿಯುತ್ತದೆ. ದೊಡ್ಡವರಲ್ಲಿ ಇಂಥ ಒಂದು ಸುತ್ತಿಗೆ ಸುಮಾರು 90 ನಿಮಿಷ. ಎಳೆಮಕ್ಕಳಲ್ಲಿ 50 ನಿಮಿಷದ ಆಸುಪಾಸು. ಕೊಡ ಮೇಲಕ್ಕೆ ಬಂದಿದ್ದಾಗ ಎಚ್ಚರವಾದರೆ ಮಗು ಹಗುರವಾಗಿ ಏಳುತ್ತದೆ. ತಳದಲ್ಲಿದ್ದಾಗ ಯಾರೋ ದಡಕ್ಕನೆ ಹಗ್ಗ ಜಗ್ಗಿದರೆ ಗೋಡೆಗೆ ಬಡಿದುಕೊಂಡೇ ಮೇಲೆ ಬರುತ್ತದೆ. ಜಗ್ಗುವುದು ನಾವೇ ಆಗಬೇಕಿಲ್ಲ. ಬಾಗಿಲು ಬಡಿದ ಸದ್ದು, ಒದ್ದೆ ಡೈಪರ್, ಹೊಟ್ಟೆಯಲ್ಲಿ ಗಾಳಿ, ಯಾವುದಾದರೂ ಸಾಕು.

ಗಾಢ ನಿದ್ದೆಯಿಂದ ಎದ್ದ ಮೇಲೂ ಮಿದುಳು ಒಂದಿಷ್ಟು ಹೊತ್ತು ಮಲಗಿಯೇ ಇರುತ್ತದೆ. ಆ ಮಂಪರು ಇಳಿಯಲು ಕಾಲು ಗಂಟೆಯಿಂದ ಅರ್ಧ ಗಂಟೆ ಹಿಡಿಯಬಹುದು. ನಮಗೂ ಹಾಗೇ ಅಲ್ವಾ? ಮಧ್ಯಾಹ್ನ ಗಡದ್ದಾಗಿ ಮಲಗಿ ಎದ್ದು, ಇದು ಬೆಳಿಗ್ಗೆಯೋ ಸಂಜೆಯೋ ತಿಳಿಯದೆ ಮಂಚದ ತುದಿಯಲ್ಲಿ ಕೂತಿರುತ್ತೀರಿ. ಆಗ ಯಾರೋ ಬಂದು ಮೂಗಿನ ಮುಂದೆ ಗಿಲಕಿ ಆಡಿಸಿ "ಎಲ್ಲಿ, ನಗು ನೋಡೋಣ" ಅಂದರೆ ಹೇಗಿರುತ್ತದೆ?

ರಾತ್ರಿಯ ಲೆಕ್ಕ ಬೇರೆ. ಗಾಢ ನಿದ್ದೆಯ ದೊಡ್ಡ ಪಾಲು ರಾತ್ರಿಯ ಮೊದಲ ಭಾಗದಲ್ಲೇ ಮುಗಿದುಹೋಗುತ್ತದೆ. ಬೆಳಗಿನ ಜಾವದಲ್ಲಿ ಇರುವುದು ಹೆಚ್ಚಾಗಿ ತೆಳು ನಿದ್ದೆ, ಕನಸಿನ ನಿದ್ದೆ. ಬೆಳಿಗ್ಗೆ ಹೂವಿನ ಹಾಗೆ ಎದ್ದ ಮಗುವೇ ಮಧ್ಯಾಹ್ನ ಅಳುತ್ತಾ ಏಳುವುದಕ್ಕೆ ಇದೂ ಒಂದು ಕಾರಣ. "ಬೆಳಿಗ್ಗೆ ಚೆನ್ನಾಗೇ ಇದ್ದಳಲ್ಲಾ, ಯಾರ ದೃಷ್ಟಿ ತಾಗಿತೋ" ಅಂತ ತಲೆ ಕೆಡಿಸಿಕೊಳ್ಳಬೇಡಿ.

ಮೊದಲು ಕೈ ಕಟ್ಟಿಕೊಂಡು ನಿಲ್ಲಿ

ಕೆಲಸಕ್ಕೆ ಸೇರಿದ ಮೊದಲ ತಿಂಗಳು. ಐದು ತಿಂಗಳ ಕೂಸೊಂದು ಮುಲುಕಿತು. ಕಾಲು ಝಾಡಿಸಿತು. ರೆಪ್ಪೆ ಅರ್ಧ ತೆರೆದವು, ಬಾಯಿ ಸೊಟ್ಟಗಾಯಿತು, ಒಂದು ಸಣ್ಣ ಅಳು ಹೊರಗೆ ಬಂತು. ಓಡಿ ಹೋಗಿ ಎತ್ತಿಕೊಂಡೆ. ಎತ್ತಿದ ಮೇಲೆ ಕಣ್ಣು ಪೂರ್ತಿ ಬಿಟ್ಟಿತು, ನನ್ನ ಮುಖ ನೋಡಿತು, ಕಿರುಚಿತು. ಅದರ ಕಿರುಚಾಟಕ್ಕೆ ಪಕ್ಕದ ಇಬ್ಬರು ಎದ್ದರು. ಮೂರು ಮಕ್ಕಳು, ನನಗೆ ಎರಡೇ ಕೈ. ಆಗ ಜೊತೆಯಲ್ಲಿದ್ದ ಹಿರಿಯರೊಬ್ಬರು ಬೈಯಲಿಲ್ಲ. ಒಂದು ಮಗುವನ್ನು ನನ್ನಿಂದ ಇಸಿದುಕೊಂಡು, "ಅದು ಎದ್ದಿರಲಿಲ್ಲ ಕಣಮ್ಮ, ನೀನು ಎಬ್ಬಿಸಿದೆ" ಅಂದರು.

ಎಳೆಯ ಮಕ್ಕಳ ನಿದ್ದೆ ಸದ್ದುಗದ್ದಲದ್ದು. ಹೊಸದಾಗಿ ಹುಟ್ಟಿದ ಕೂಸಿನ ನಿದ್ದೆಯಲ್ಲಿ ಹತ್ತಿರಹತ್ತಿರ ಅರ್ಧ ಪಾಲು ಈ ಗದ್ದಲದ ನಿದ್ದೆಯೇ. ರೆಪ್ಪೆಯೊಳಗೆ ಕಣ್ಣು ಹೊರಳುತ್ತದೆ, ತುಟಿ ಚೀಪುತ್ತದೆ, ನಗು ಬಂದು ಹೋಗುತ್ತದೆ, ಉಸಿರು ಏರಿಳಿಯುತ್ತದೆ, ನರಳುತ್ತದೆ, ಅಳುವುದೂ ಉಂಟು. ಎಲ್ಲವೂ ನಿದ್ದೆಯೊಳಗೇ. ಕಣ್ಣು ಹೊರಳುವ ಈ ನಿದ್ದೆಯ ಬಗ್ಗೆ 1953ರಲ್ಲಿ ಯೂಜಿನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಬರೆದರು. ಅದಕ್ಕೂ ಮುಂಚೆ ಅಸೆರಿನ್‌ಸ್ಕಿ ಮಲಗಿದ ಎಳೆಮಕ್ಕಳ ಕಣ್ಣುಗಳನ್ನೇ ನೋಡುತ್ತಾ ಕೂತಿದ್ದವರಂತೆ. ಸ್ಟೂಲಿನ ಮೇಲೆ ಕೂರುವ ಕೆಲಸಕ್ಕೂ ಒಂದು ಮರ್ಯಾದೆ ಇದೆ ಅಂತ ಅವತ್ತು ಅನ್ನಿಸಿತ್ತು.

ಹಾಗಾಗಿ ಸದ್ದು ಬಂದ ಕೂಡಲೇ ಓಡಬೇಡಿ. ಮಗುವಿನ ಕಣ್ಣಿಗೆ ಬೀಳದ ಹಾಗೆ ನಿಂತು ನೋಡಿ. ಮನಸ್ಸಿನಲ್ಲೇ ನಿಧಾನವಾಗಿ ಅರವತ್ತು ಎಣಿಸಿ. ಕಣ್ಣು ತೆರೆದಿದೆಯಾ? ತೆರೆದ ಕಣ್ಣು ಒಂದು ಕಡೆ ನಿಂತಿದೆಯಾ, ಇಲ್ಲ ತೇಲುತ್ತಿದೆಯಾ? ಅಳುವಿನ ನಡುವೆ ಬಿಡುವು ಇದೆಯಾ? ಆ ಬಿಡುವು ಉದ್ದವಾಗುತ್ತಿದ್ದರೆ ಮಗು ಮತ್ತೆ ಇಳಿಯುತ್ತಿದೆ ಅಂತ ಅರ್ಥ. ಬಿಡುವು ಚಿಕ್ಕದಾಗುತ್ತಾ ದನಿ ಏರುತ್ತಿದ್ದರೆ ಹೋಗಿ. ಅರವತ್ತು ಮುಗಿಯುವಷ್ಟರಲ್ಲಿ ನಾಲ್ಕರಲ್ಲಿ ಒಂದು ಸಲವಾದರೂ ನನ್ನ ಕೋಣೆಯ ಮಗು ತಾನೇ ಮಗ್ಗುಲು ಬದಲಿಸಿ ಮಲಗಿಬಿಡುತ್ತದೆ.

ಈ ಎಣಿಕೆ ಎಲ್ಲದಕ್ಕೂ ಅಲ್ಲ. ವಾಂತಿಯ ಸದ್ದು, ಉಸಿರು ಕಟ್ಟಿದ ಸದ್ದು, ಥಟ್ಟನೆ ಬಂದ ಚೀರಾಟ, ಇವಕ್ಕೆ ಅರವತ್ತಿಲ್ಲ, ಒಂದೂ ಇಲ್ಲ. ಕೆಲವೇ ವಾರದ ಕೂಸು ಹಸಿವಿನಿಂದ ಎದ್ದಿದ್ದರೂ ಕಾಯಿಸಬೇಡಿ. ಅದು ಕೈ ಬಾಯಿಗೆ ಒಯ್ಯುತ್ತದೆ, ತಲೆ ಆಚೀಚೆ ಹೊರಳಿಸಿ ಬಾಯಿ ತೆರೆದು ಹುಡುಕುತ್ತದೆ. ಅಳು ಬರುವುದು ಆಮೇಲೆ. ಅಳುವವರೆಗೆ ಬಿಟ್ಟರೆ ಸಿಟ್ಟಿಗೆ ಮೊಲೆ ಹಿಡಿಯುವುದಕ್ಕೂ ಒದ್ದಾಡುತ್ತದೆ.

ಎತ್ತಿಕೊಳ್ಳುವುದೂ ಒಂದು ಕಲೆ

ಮಗು ನಿಜಕ್ಕೂ ಎದ್ದಿದೆ, ಅಳುತ್ತಿದೆ. ಈಗ?

ಮೊದಲು ನಿಮ್ಮ ದನಿ ಹೋಗಲಿ, ಆಮೇಲೆ ಕೈ. ಬಾಗಿಲಿಂದಲೇ "ಎದ್ಯಾ? ಬಂದೆ" ಅನ್ನಿ. ಸಣ್ಣ ದನಿ, ದಿನಾ ಅದೇ ಮಾತು. ಹತ್ತಿರ ಹೋಗಿ ಎದೆಯ ಮೇಲೆ ಅಂಗೈ ಇಡಿ. ಅಂಗೈ ಪೂರ್ತಿ ಊರಿರಲಿ. ಬೆರಳ ತುದಿಯಲ್ಲಿ ತಟ್ಟಿದರೆ ಕಚಗುಳಿ ಇಟ್ಟ ಹಾಗಾಗುತ್ತದೆ. ಹತ್ತು ಉಸಿರಿನಷ್ಟು ಹೊತ್ತು ಹಾಗೇ ಇರಿ. ಕೆಲವು ಮಕ್ಕಳಿಗೆ ಇಷ್ಟೇ ಸಾಕು. ಸಾಲದಿದ್ದರೆ ಕತ್ತಿನ ಕೆಳಗೆ ಒಂದು ಕೈ, ಕುಂಡೆಯ ಕೆಳಗೆ ಒಂದು ಕೈ ಕೊಟ್ಟು, ಒಂದು ಮಗ್ಗುಲಾಗಿಸಿ, ನಿಧಾನಕ್ಕೆ ಎತ್ತಿ ಹೆಗಲಿಗೆ ಹಾಕಿಕೊಳ್ಳಿ. ಮುಖಕ್ಕೆ ಮುಖ ಕೊಟ್ಟು ಹಿಡಿಯಬೇಡಿ. ಆಗಷ್ಟೇ ಎದ್ದ ಮಗುವಿಗೆ ಮುಖವೂ ಜಾಸ್ತಿಯೇ. ಹೆಗಲ ಮೇಲಿದ್ದರೆ ನೋಡಬೇಕೆನಿಸಿದ್ದನ್ನು ನೋಡುತ್ತದೆ, ಬೇಡವಾದರೆ ಕತ್ತಿನ ಸಂದಿಗೆ ಮೂಗು ತೂರಿಸುತ್ತದೆ.

ಆಮೇಲೆ ಸುಮ್ನೆ ನಿಲ್ಲಿ. ಕುಣಿಸುವುದು, ಬೆನ್ನು ಬಡಿಯುವುದು, ಕಿಟಕಿ ತೋರಿಸಿ "ಅಲ್ನೋಡು ಹಕ್ಕಿ" ಅನ್ನುವುದು, ಇವೆಲ್ಲ ನಮ್ಮ ಗಾಬರಿಯ ಕೆಲಸಗಳು. ಅಳು ನಿಲ್ಲಿಸಲೇಬೇಕು ಅನ್ನುವ ಅವಸರ ಮಗುವಿಗಿಂತ ನಮಗೇ ಜಾಸ್ತಿ. ಒಂದು ತೋಳಿನಲ್ಲಿ ಮಗುವಿದ್ದಾಗ ಇನ್ನೊಂದು ಕೈಯಲ್ಲಿ ಪರದೆಯನ್ನು ಒಂದು ಗೇಣಿನಷ್ಟು ಸರಿಸುತ್ತೇನೆ. ಎರಡು ಮೂರು ನಿಮಿಷದ ಮೇಲೆ ಇನ್ನೊಂದು ಗೇಣು. ದೊಡ್ಡ ದೀಪ ಹಾಕುವುದಿಲ್ಲ. ಒದ್ದೆ ಡೈಪರ್ ಈ ಹೊತ್ತು ಮುಗಿಯುವವರೆಗೆ ಕಾಯುತ್ತದೆ. ಕಕ್ಕ ಮಾಡಿದ್ದರೆ, ಚರ್ಮ ಕೆಂಪಾಗಿದ್ದರೆ ಮಾತ್ರ ಕಾಯಿಸಬೇಡಿ, ಉರಿಯುತ್ತಿರುತ್ತದೆ.

ಮಗು ಸಿದ್ಧವಾಗಿದೆ ಅಂತ ಹೇಗೆ ಗೊತ್ತಾಗುತ್ತದೆ? ಮೊದಲು ಮೈ ಹೇಳುತ್ತದೆ. ಹೆಗಲಿಗೆ ಅಂಟಿಕೊಂಡಿದ್ದ ತಲೆ ಮೇಲೇಳುತ್ತದೆ. ಬೆನ್ನು ನೆಟ್ಟಗಾಗುತ್ತದೆ. ಒಂದು ದೊಡ್ಡ ಉಸಿರು ಬರುತ್ತದೆ, ಎರಡು ಬಿಕ್ಕಿನೊಂದಿಗೆ. ಆಮೇಲೆ ಯಾವುದೋ ಒಂದು ವಸ್ತುವಿನ ಮೇಲೆ ಕಣ್ಣು ನಿಲ್ಲುತ್ತದೆ. ಅಲ್ಲಿಯವರೆಗೆ ಕೆಳಗೆ ಬಿಡಬೇಡಿ, ಆಟಿಕೆ ಕೊಡಬೇಡಿ. ಮೂಲೆಯ ಹುಡುಗನ ಕಣ್ಣು ಯಾವಾಗಲೂ ನನ್ನ ಅಂಗಿಯ ಮೇಲಿನ ಗುಂಡಿಯ ಮೇಲೆ ನಿಲ್ಲುತ್ತದೆ. ಅದನ್ನು ಎರಡು ಬೆರಳಲ್ಲಿ ಹಿಡಿದು ತಿರುಚಲು ಶುರು ಮಾಡಿದ ಅಂದರೆ ಅವನು ಎದ್ದ.

ಅವನ ಬಗ್ಗೆ ನಾನೊಂದು ಪುಸ್ತಕ ಇಟ್ಟಿದ್ದೆ. ಪುಸ್ತಕ ಅಂದರೆ ಹಳೆ ನೋಟ್‌ಬುಕ್ಕಿನ ನಾಲ್ಕು ಹಾಳೆ. ಮನೆಯಲ್ಲಿ ಬೆಳಿಗ್ಗೆ ಎಷ್ಟಕ್ಕೆ ಎದ್ದ, ಇಲ್ಲಿ ಎಷ್ಟಕ್ಕೆ ಮಲಗಿದ, ಎಷ್ಟಕ್ಕೆ ಎದ್ದ, ಎಷ್ಟು ನಿಮಿಷ ಅತ್ತ. ಎರಡು ವಾರ ಬರೆದೆ. ಬೆಳಿಗ್ಗೆ ಬೇಗ ಎದ್ದ ದಿನ ಅವನ ಅಳು 20 ನಿಮಿಷ ದಾಟುತ್ತಿತ್ತು. ತಡವಾಗಿ ಎದ್ದ ದಿನ ಅದರ ಅರ್ಧ. ಅಂದರೆ ಬೇಗ ಎದ್ದ ದಿನವೂ ಅವನನ್ನು ಎಲ್ಲರ ಜೊತೆ ಅದೇ ಹೊತ್ತಿಗೆ ಮಲಗಿಸುತ್ತಿದ್ದೆ. ಅಷ್ಟೊತ್ತಿಗೆ ಅವನು ದಣಿದು ಹಣ್ಣಾಗಿರುತ್ತಿದ್ದ. ಅಂಥ ದಿನ 25 ನಿಮಿಷ ಮುಂಚೆ ಮಲಗಿಸಲು ಶುರು ಮಾಡಿದೆ. ಅಳು ಏಳೆಂಟು ನಿಮಿಷಕ್ಕೆ ಇಳಿಯಿತು. ನಿಂತೇ ಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ನೀವೂ ಬರೆಯಿರಿ. ಫೋನಿನ ಆ್ಯಪ್ ಬೇಡ, ಹಾಳೆ ಸಾಕು. ಒಂದೆರಡು ವಾರದಲ್ಲಿ ಏನಾದರೂ ಕಂಡೇ ಕಾಣುತ್ತದೆ.

ಅರ್ಧ ಗಂಟೆಗೇ ಎದ್ದರೆ

"ಬರೀ 40 ನಿಮಿಷ ಮಲಗ್ತಾಳೆ ಅಕ್ಕಾ" ಅನ್ನುವ ದೂರು ವಾರಕ್ಕೆರಡು ಸಲ ಬರುತ್ತದೆ. ಒಂದು ಸುತ್ತು ಮುಗಿದಿದೆ, ಎರಡನೇ ಸುತ್ತಿಗೆ ಇಳಿಯಲು ಆಗಿಲ್ಲ, ಅಷ್ಟೇ. ಐದಾರು ತಿಂಗಳ ಒಳಗಿನ ಮಕ್ಕಳಲ್ಲಿ ಇದು ತೀರಾ ಮಾಮೂಲು. ನಿದ್ದೆ ಸಾಕಾಯಿತಾ ಅಂತ ಗಡಿಯಾರ ನೋಡಬೇಡಿ, ಮುಖ ನೋಡಿ. 35 ನಿಮಿಷಕ್ಕೆ ಎದ್ದು ಕಣ್ಣರಳಿಸಿ ಕಾಲು ಆಡಿಸುತ್ತಿದ್ದರೆ ಸಾಕಾಗಿದೆ. ಎದ್ದವಳೇ ಕಣ್ಣುಜ್ಜುತ್ತಾ, ಮುಖವನ್ನು ಹಾಸಿಗೆಗೆ ತಿಕ್ಕುತ್ತಾ, ಎಳೆದೆಳೆದು ಅಳುತ್ತಿದ್ದರೆ ಸಾಕಾಗಿಲ್ಲ. ಆಗ ಎತ್ತದೆ, ಕತ್ತಲೆಯಲ್ಲೇ, ಎದೆಯ ಮೇಲೆ ಅಂಗೈ ಇಟ್ಟು ಐದರಿಂದ ಹತ್ತು ನಿಮಿಷ ಪ್ರಯತ್ನಿಸಿ. ಇಳಿದರೆ ಇಳಿಯಿತು. ಇಳಿಯದಿದ್ದರೆ ಎಬ್ಬಿಸಿಕೊಂಡು ಬನ್ನಿ. ಅರ್ಧ ಗಂಟೆ ಕತ್ತಲೆಯಲ್ಲಿ ಹೋರಾಡಿದರೆ ಇಬ್ಬರೂ ಅಳಬೇಕಾಗುತ್ತದೆ. ಮುಂದಿನ ನಿದ್ದೆಗೆ ಸ್ವಲ್ಪ ಬೇಗ ಮಲಗಿಸಿ, ಲೆಕ್ಕ ಸರಿಹೋಗುತ್ತದೆ.

ಒಟ್ಟು ನಿದ್ದೆಯ ಲೆಕ್ಕ ಬೇಕೇ ಬೇಕು ಅನ್ನುವವರಿಗೆ: ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಹೇಳಿದ ಪ್ರಕಾರ 4ರಿಂದ 12 ತಿಂಗಳ ಮಕ್ಕಳಿಗೆ ದಿನಕ್ಕೆ 12ರಿಂದ 16 ಗಂಟೆ, 1ರಿಂದ 2 ವರ್ಷದವರಿಗೆ 11ರಿಂದ 14 ಗಂಟೆ. ಹಗಲು ನಿದ್ದೆಯೂ ಇದರಲ್ಲೇ ಸೇರಿತು. 12 ಎಲ್ಲಿ, 16 ಎಲ್ಲಿ? ಅಷ್ಟು ಅಂತರ ಇದೆ ಅಂದಮೇಲೆ ಪಕ್ಕದ ಮನೆ ಮಗುವಿನ ಜೊತೆ ಹೋಲಿಸಿ ಫಲವಿಲ್ಲ. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ವಯಸ್ಸನ್ನು ಹೆರಿಗೆಗೆ ಕೊಟ್ಟಿದ್ದ ದಿನದಿಂದ ಎಣಿಸಿ.

ಎಬ್ಬಿಸಲೇಬೇಕಾದಾಗ

ನನ್ನ ಮಗಳಿಗೆ ಆಗ 14 ತಿಂಗಳು. ಎಲ್ಲೋ ಹೊರಡಬೇಕಿತ್ತು, ಹೊತ್ತಾಗಿತ್ತು. ಮಲಗಿ ಅರ್ಧ ಗಂಟೆಯೂ ಆಗಿರಲಿಲ್ಲ. ದೀಪ ಹಾಕಿ, ಹೊದಿಕೆ ತೆಗೆದು, ನಿದ್ದೆಯಲ್ಲೇ ಅಂಗಿಯ ತೋಳು ತೊಡಿಸಲು ಹೋದೆ. ಡೇಕೇರಿನಲ್ಲಿ ಬೇರೆಯವರ ಮಕ್ಕಳಿಗೆ ಎಂದೂ ಮಾಡದ ಕೆಲಸ. ಅವಳು ಬಿಲ್ಲಿನ ಹಾಗೆ ಬೆನ್ನು ಬಾಗಿಸಿ ಅತ್ತಳು. ನಾನು ಎತ್ತಿಕೊಂಡರೆ ನನ್ನನ್ನೇ ದೂಡಿದಳು, ಕೆಳಗಿಟ್ಟರೆ ಕೈ ಚಾಚಿದಳು. 40 ನಿಮಿಷ. ಹೊರಡುವುದೂ ಆಗಲಿಲ್ಲ. ಕಲಿಸಿಕೊಡುವವಳ ಮನೆಯಲ್ಲೇ ಹೀಗೆ.

ಈಗ ಮಾಡುವುದು ಹೀಗೆ. ಹೊರಡುವ ಹೊತ್ತಿಗಿಂತ ಅರ್ಧ ಗಂಟೆ ಮುಂಚೆ ಶುರು. ಬಾಗಿಲು ತೆರೆದಿಡುತ್ತೇನೆ, ಮನೆಯ ಮಾಮೂಲಿ ಸದ್ದು ಒಳಗೆ ಬರಲಿ ಅಂತ. ಐದು ನಿಮಿಷ ಬಿಟ್ಟು ಪರದೆ ಒಂದು ಗೇಣು. ಕಣ್ಣು ಹೊರಳುತ್ತಿದೆಯಾ, ಬೆರಳು ಆಡುತ್ತಿದೆಯಾ ನೋಡುತ್ತೇನೆ. ಕೈ ಎತ್ತಿ ಬಿಟ್ಟರೆ ಗೋಣಿಚೀಲದ ಹಾಗೆ ಬಿದ್ದರೆ ಇನ್ನೂ ತಳದಲ್ಲಿದೆ. ಆಗ ಸಾಧ್ಯವಾದರೆ ಹತ್ತು ನಿಮಿಷ ಬಿಡುತ್ತೇನೆ. ಮೈ ಅಲುಗಿದಾಗ ಬೆನ್ನು ಸವರಿ ಹೆಸರು ಕರೆಯುತ್ತೇನೆ. ಬಟ್ಟೆ, ಚಪ್ಪಲಿ ಎಲ್ಲ ಕೊನೆಗೆ.

ಹುಟ್ಟಿ ಎರಡು ವಾರದೊಳಗಿನ ಕೂಸಿನ ಮಾತು ಬೇರೆ. ಹುಟ್ಟಿದಾಗಿನ ತೂಕಕ್ಕೆ ಮರಳುವವರೆಗೆ ಅದನ್ನು ಹಾಲಿಗಾಗಿ ಎಬ್ಬಿಸಬೇಕಾಗುತ್ತದೆ. ಹೊದಿಕೆ ಬಿಚ್ಚಿ, ಡೈಪರ್ ಬದಲಿಸಿ, ಅಂಗಾಲು ಉಜ್ಜಿ. ಮುಖಕ್ಕೆ ನೀರು ಚಿಮುಕಿಸುವುದೆಲ್ಲ ಬೇಡ.

ಸಂಜೆಯ ನಿದ್ದೆಯ ಬಗ್ಗೆ ಒಂದು ಮಾತು. ಒಂದು ವರ್ಷ ದಾಟಿದ ಮಗು ಸಂಜೆ ತಡವಾಗಿ ಮಲಗಿ ಎದ್ದರೆ ಎದ್ದಾಗಲೂ ಸಿಡುಕು, ರಾತ್ರಿ ನಿದ್ದೆಗೂ ಕುತ್ತು. ಆ ಹೊತ್ತಿಗೆ ಮಲಗಲೇಬೇಕಾದರೆ ಚುಟುಕಾಗಿ ಮಲಗಿಸಿ, 20 ನಿಮಿಷಕ್ಕೆ ಎಬ್ಬಿಸಿ, ತಳ ಮುಟ್ಟುವ ಮುಂಚೆ.

ಮಲಗಿದ್ದೊಂದು ಕಡೆ, ಎದ್ದದ್ದೊಂದು ಕಡೆ

ಎಂಟೊಂಬತ್ತು ತಿಂಗಳಲ್ಲಿ ಹೊಸ ಅಳು ಶುರುವಾಗುತ್ತದೆ. ಅಲ್ಲಿಯವರೆಗೆ ನಗುತ್ತಾ ಏಳುತ್ತಿದ್ದ ಮಗು ಕಣ್ಣು ಬಿಟ್ಟ ಕೂಡಲೇ ಎದ್ದು ಕೂತು, ಸುತ್ತ ನೋಡಿ, ಅಳುತ್ತದೆ. ಅಮ್ಮ ಕಣ್ಣೆದುರು ಇಲ್ಲದಿದ್ದರೂ ಎಲ್ಲೋ ಇದ್ದಾಳೆ ಅನ್ನುವುದು ಅದಕ್ಕೆ ತಿಳಿಯತೊಡಗಿದೆ. ಇದ್ದಾಳೆ, ಆದರೆ ಇಲ್ಲಿಲ್ಲ. ಅದೇ ಸಂಕಟ. ಅಪ್ಪನ ಹೆಗಲ ಮೇಲೆ ಕಣ್ಣು ಮುಚ್ಚಿ ಖಾಲಿ ತೊಟ್ಟಿಲಲ್ಲಿ ಕಣ್ಣು ಬಿಟ್ಟರೆ ಯಾರಿಗಾದರೂ ಗಾಬರಿಯಾಗುತ್ತದೆ. ನೀವು ನಡುಮನೆಯಲ್ಲಿ ಮಲಗಿ ಅಂಗಳದಲ್ಲಿ ಎದ್ದರೆ?

ಮಾಡಬಹುದಾದದ್ದು ಎರಡು. ಒಂದು, ಪೂರ್ತಿ ನಿದ್ದೆ ಹತ್ತುವ ಮುಂಚೆ, ರೆಪ್ಪೆ ಭಾರವಾದಾಗಲೇ, ಏಳುವ ಜಾಗದಲ್ಲೇ ಮಲಗಿಸಲು ನೋಡಿ. ದಿನಾ ಆಗದಿದ್ದರೂ ಪರವಾಗಿಲ್ಲ. ಎರಡು, ಎದ್ದಾಗ ಬೇಗ ದನಿ ಕೊಡಿ. ಈ ವಯಸ್ಸಿನಲ್ಲಿ ನಾನು ಅರವತ್ತು ಎಣಿಸುವುದಿಲ್ಲ, ಇಪ್ಪತ್ತಕ್ಕೇ ಮಾತಾಡುತ್ತೇನೆ. ಡೇಕೇರಿಗೆ ಹೊಸದಾಗಿ ಸೇರಿದ ಮಗುವಿಗಂತೂ ಮೊದಲ ಎರಡು ವಾರ ಏಳುವ ಹೊತ್ತೇ ಎಲ್ಲಕ್ಕಿಂತ ಕಷ್ಟದ ಹೊತ್ತು. ಬೆಳಿಗ್ಗೆ ಬಿಟ್ಟು ಹೋದಾಗಿನ ಅಳುವಿಗಿಂತ ಅದು ಜೋರು. ಕಾರಿನ ಸೀಟಿನಲ್ಲಿ ನಿದ್ದೆ ಹೋದ ಮಗುವನ್ನು ತಲುಪಿದ ಮೇಲೂ ಎಚ್ಚರವಾದೀತೆಂದು ಅಲ್ಲೇ ಬಿಡುವವರಿದ್ದಾರೆ. ಬೇಡ. ಸಪಾಟಾದ ಗಟ್ಟಿ ಹಾಸಿಗೆಗೆ ಬದಲಿಸಿ, ಅಂಗಾತ. ಎದ್ದು ಅತ್ತರೆ ಅಳಲಿ. ಒಂದು ವರ್ಷದವರೆಗೆ ಹಾಸಿಗೆಯಲ್ಲಿ ದಿಂಬು, ಮೆತ್ತನೆ ಗೊಂಬೆ, ಸಡಿಲ ಹೊದಿಕೆ ಯಾವುದೂ ಬೇಡ.

ರಾತ್ರಿ

ರಾತ್ರಿ ಎದ್ದ ಮಗುವಿಗೆ ಕೊಡಬೇಕಾದ್ದನ್ನು ಕೊಡಿ, ಆದರೆ ಬೇಸರ ಹಿಡಿಸುವ ಹಾಗೆ ಕೊಡಿ. ಮಂದ ಬೆಳಕು, ಮಾತು ಕಡಿಮೆ, ಆಟವಿಲ್ಲ. ಎರಡು ಗಂಟೆಗೆ ಎದ್ದು ನಗುವ ಮಗುವಿನ ನಗು ಕಂಡು ಕರಗಿದಿರೋ, ನಾಳೆಯೂ ಎರಡಕ್ಕೇ ಪಾರ್ಟಿ. ಮೊದಲೆರಡು ತಿಂಗಳಲ್ಲಿ ಮಗುವಿಗೆ ಹಗಲು ರಾತ್ರಿಯ ಬೇಧವೇ ಇನ್ನೂ ಮೈಗೂಡಿರುವುದಿಲ್ಲ. ಹಗಲು ಬೆಳಕಿಗೆ ಒಡ್ಡಿ, ರಾತ್ರಿ ಕತ್ತಲು ಇಟ್ಟರೆ ಸಹಾಯವಾಗುತ್ತದೆ.

ಇನ್ನೊಂದು ಬಗೆ ಇದೆ, ನೋಡಿದವರು ಹೆದರುತ್ತಾರೆ. ಮಲಗಿ ಒಂದೆರಡು ಗಂಟೆಯಾಗಿರುತ್ತದೆ. ಒಂದೂವರೆ ಎರಡು ವರ್ಷದ ಮಗು ಎದ್ದು ಕೂತು ಕಿರುಚುತ್ತದೆ. ಕಣ್ಣು ತೆರೆದಿದೆ, ಆದರೆ ನಿಮ್ಮನ್ನು ಗುರುತಿಸುವುದಿಲ್ಲ. ಮುಟ್ಟಿದರೆ ಇನ್ನೂ ಜಾಸ್ತಿ. ಮಗು ಎದ್ದಿಲ್ಲ, ಗಾಢ ನಿದ್ದೆಯಿಂದ ಅರ್ಧ ಹೊರಗೆ ಬಂದು ಸಿಕ್ಕಿಕೊಂಡಿದೆ. ಅಲುಗಾಡಿಸಿ ಎಬ್ಬಿಸಲು ಹೋಗಬೇಡಿ. ಬೀಳದ ಹಾಗೆ ಪಕ್ಕದಲ್ಲಿದ್ದು ಕಾಯಿರಿ. ಕೆಲವು ನಿಮಿಷಕ್ಕೆ ತಾನೇ ಮಲಗುತ್ತದೆ. ಬೆಳಿಗ್ಗೆ ಅದಕ್ಕೆ ಏನೂ ನೆನಪಿರುವುದಿಲ್ಲ, ನಿಮಗೆ ಮಾತ್ರ ನಿದ್ದೆ ಇರುವುದಿಲ್ಲ. ಇದಕ್ಕೂ ಕೆಟ್ಟ ಕನಸಿಗೂ ವ್ಯತ್ಯಾಸ ಇದೆ. ಕನಸಿನಿಂದ ಬೆಚ್ಚಿ ಎದ್ದ ಮಗು ಹೆಚ್ಚಾಗಿ ಬೆಳಗಿನ ಜಾವಕ್ಕೆ ಏಳುತ್ತದೆ, ನಿಮ್ಮನ್ನು ಗುರುತಿಸುತ್ತದೆ, ಅಪ್ಪಿಕೊಳ್ಳುತ್ತದೆ. ಅದನ್ನು ಅಪ್ಪಿಕೊಳ್ಳಿ.

ಯಾವಾಗ ಡಾಕ್ಟರ ಹತ್ತಿರ

ಸಿಡುಕನ್ನೆಲ್ಲ ನಿದ್ದೆಯ ತಲೆಗೆ ಕಟ್ಟಬೇಡಿ. ನಗುತ್ತಾ ಏಳುವ ಮಗು ಎರಡು ಮೂರು ದಿನದಿಂದ ಪ್ರತಿ ಸಲ ಚೀರುತ್ತಾ ಏಳುತ್ತಿದ್ದರೆ ನಾನು ಮನೆಯವರಿಗೆ ಹೇಳುತ್ತೇನೆ. ಒಮ್ಮೆ ಕಿಟಕಿ ಪಾಪು ಹಾಗೆ ಮಾಡಿದಳು. ನೆಟ್ಟಗೆ ಹಿಡಿದರೆ ಸುಮ್ಮನಾಗುತ್ತಿದ್ದಳು, ಮಲಗಿಸಿದರೆ ಕಿರುಚುತ್ತಿದ್ದಳು. ಕಿವಿಯಲ್ಲಿ ಸೋಂಕು. ಕಿವಿನೋವು ಮಲಗಿದಾಗ ಜಾಸ್ತಿಯಾಗುತ್ತದೆ. ಹಲ್ಲು ಬರ್ತಿದೆ ಅಂತ ಮನೆಯವರು ನಾಲ್ಕು ದಿನ ತಳ್ಳಿದ್ದರು. ನಾನೂ ಎರಡು ದಿನ ಹೌದಿರಬೇಕು ಅಂದಿದ್ದೆ.

ಮೂರು ತಿಂಗಳೊಳಗಿನ ಕೂಸಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಕಾಯದೆ ಹೊರಡಿ. ಎಷ್ಟು ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದೆ, ಹಾಲು ಕುಡಿಯದೆ, ಬಟ್ಟೆಯ ಹಾಗೆ ಜೋತುಬಿದ್ದರೆ ಅದು ಅಳುವಿಗಿಂತ ಗಂಭೀರ. ಯಾವುದಕ್ಕೂ ಸಮಾಧಾನವಾಗದ ಅಳು, ಉಸಿರಾಟದ ಕಷ್ಟ, ಇವೂ ಅಷ್ಟೇ. ನೆಗಡಿ ಇಲ್ಲದಾಗಲೂ ದಿನಾ ಗೊರಕೆ ಹೊಡೆದು, ಬಾಯಲ್ಲಿ ಉಸಿರಾಡಿ, ಹತ್ತು ಗಂಟೆ ಮಲಗಿದರೂ ಸುಸ್ತಾಗಿಯೇ ಏಳುವ ಮಗುವನ್ನು ಒಮ್ಮೆ ತೋರಿಸಿ. ಮಗುವಿಗೆ ಸೆಕೆಯಾಗಿದೆಯಾ ಅಂತ ನೋಡಲು ಕೈಕಾಲು ಮುಟ್ಟಬೇಡಿ, ಅವು ತಣ್ಣಗೇ ಇರುತ್ತವೆ. ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ. ಬೆವರಿದ್ದರೆ ಒಂದು ಬಟ್ಟೆ ಕಡಿಮೆ ಮಾಡಿ.

ಇಷ್ಟೆಲ್ಲ ಸರಿಯಿದ್ದೂ ಅತ್ತುಕೊಂಡೇ ಏಳುವ ಮಕ್ಕಳು ಇದ್ದೇ ಇದ್ದಾರೆ. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ವೈದ್ಯ ದಂಪತಿ 1956ರಿಂದ ನ್ಯೂಯಾರ್ಕಿನಲ್ಲಿ ಮಕ್ಕಳನ್ನು ಎಳವೆಯಿಂದಲೇ ಗಮನಿಸುತ್ತಾ ಬಂದರು. ಅವರ ಲೆಕ್ಕದಲ್ಲಿ ಸುಮಾರು 40 ಶೇಕಡಾ ಮಕ್ಕಳು ಸಲೀಸು, 10 ಶೇಕಡಾ ಕಷ್ಟ, 15 ಶೇಕಡಾ ನಿಧಾನಕ್ಕೆ ಹೊಂದಿಕೊಳ್ಳುವವರು, ಉಳಿದವರು ಬೆರಕೆ. ನನ್ನ ಎಂಟು ತೊಟ್ಟಿಲಲ್ಲೂ ಒಬ್ಬಿಬ್ಬರು ನಿಧಾನದವರು ಯಾವಾಗಲೂ ಸಿಗುತ್ತಾರೆ. ಅವರಿಗೆ ಹತ್ತು ನಿಮಿಷ ಸಾಲುವುದಿಲ್ಲ, ಇಪ್ಪತ್ತು ಬೇಕು. ಕೊಡುತ್ತೇನೆ. ನನಗೂ ಬೆಳಿಗ್ಗೆ ಎದ್ದು ಅರ್ಧ ಗಂಟೆ ಯಾರೂ ಮಾತಾಡಿಸಬಾರದು, ಮನೆಯವರನ್ನು ಕೇಳಿ ನೋಡಿ.

ನಿನ್ನೆ ಮೂಲೆಯ ಹುಡುಗ ಎದ್ದದ್ದು ಮೂರಕ್ಕೆ ಹತ್ತು ನಿಮಿಷ ಇರುವಾಗ. ಅಳಲಿಲ್ಲ. ಕೂತು, ಸರಳು ಹಿಡಿದು, ಕತ್ತಲಲ್ಲಿ ನನ್ನನ್ನೇ ದುರುಗುಟ್ಟಿ ನೋಡಿದ. ನಾನು ಸ್ಟೂಲಿನಿಂದ ಏಳದೆ "ಎದ್ಯಾ?" ಅಂದೆ. ಉತ್ತರವಿಲ್ಲ. ಕೆಳತುಟಿ ಒಮ್ಮೆ ನಡುಗಿತು, ನಿಂತಿತು. ಆಮೇಲೆ ಕಿಟಕಿ ಪಾಪುವಿನ ಕಡೆ ಬೆರಳು ತೋರಿಸಿ, ಅವಳಿನ್ನೂ ಮಲಗಿದ್ದಾಳೆ ಅಂತ ನನಗೆ ದೂರು ಕೊಟ್ಟ.